ಒರೆಸದ ಸ್ಲೇಟು

ಆಮೆಚಿಪ್ಪಿನೊಳಗೆ ಮೂರು ನಾಣ್ಯಗಳು ಗಡಗಡ ಉರುಳಿದರೆ ಛಾಯ್ ಅಜ್ಜ ಬಂದು ಕೂತರೆಂದು ನಮ್ಮ ಬೀದಿಗೆ ಗೊತ್ತಾಗುತ್ತದೆ. ಛ್ವಾನ್‌ಝೋ ಬಂದರಿನ ಕಡಲದೇವಿಯ ಗುಡಿಯ ಗೋಡೆಗೆ ಒತ್ತಿಕೊಂಡು ಅವರ ಶಕುನದ ಮೇಜು. ಪಕ್ಕದಲ್ಲೇ ಕಡಲೆಬೀಜದ ಸಿಹಿ ಸೂಪು ಕಾಯಿಸುವ ನನ್ನ ಒಲೆ.

ಅಜ್ಜ ಆರು ಸಲ ನಾಣ್ಯ ಚೆಲ್ಲಿ, ಸ್ಲೇಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಆರು ಗೆರೆ ಎಳೆಯುತ್ತಾರೆ. ಒಂದೋ ಪೂರ್ತಿ ಗೆರೆ, ಇಲ್ಲವೇ ನಡುವೆ ತುಂಡಾದದ್ದು. ಮೂರೂ ನಾಣ್ಯ ಒಂದೇ ಮಗ್ಗುಲಿಗೆ ಬಿದ್ದರೆ ಆ ಗೆರೆ ನಿಲ್ಲುವುದಿಲ್ಲ, ತನ್ನ ವಿರುದ್ಧಕ್ಕೆ ತಿರುಗಿ ಹೊಸ ಆಕೃತಿ ಹುಟ್ಟುತ್ತದೆ. ಒಂದೇ ಗೆರೆ ತಿರುಗಿದರೆ ಆ ಗೆರೆಗೆ ಹಳೆಯ ಗ್ರಂಥ ಕೊಡುವ ಮಾತನ್ನೇ ಹೇಳಬೇಕು, ಹೊಸ ಆಕೃತಿಯದ್ದಲ್ಲ. ಇದು ಅವರ ತಂದೆ ಕಲಿಸಿದ ಕಟ್ಟಳೆ. ಹೆಂಡತಿಯ ಕಾಯಿಲೆಗೆ ನಾಣ್ಯ ಚೆಲ್ಲಿದ ದಿನವೂ ಅಜ್ಜ ಕಂಡದ್ದನ್ನು ಆಕೆಯ ಎದುರಿಗೇ ಹೇಳಿದ್ದರಂತೆ. ಆಕೆ ಹನ್ನೊಂದು ದಿನ ಅವರ ಜೊತೆ ಮಾತಾಡಲಿಲ್ಲ. ಹನ್ನೆರಡನೆಯ ದಿನ ಆಕೆಯೇ ಇರಲಿಲ್ಲ.

ಈ ಬೆಳಿಗ್ಗೆ ಯುವೆಚಿನ್ ಬಂದಳು. ಅವಳ ಗಂಡ ಮಿಂಗ್‌ಫಾನ ಮೀನುದೋಣಿಯ ಎಂಜಿನ್ ನಡುಗಡಲಲ್ಲಿ ಎರಡು ಸಲ ನಿಂತುಹೋಗಿತ್ತು. ಈಗ ರಿಪೇರಿಯಾಗಿದೆ, ಮಧ್ಯಾಹ್ನ ಕಡಲು ಉಬ್ಬುವ ಭರತಕ್ಕೆ ಹೊರಡಬೇಕು. ಅಜ್ಜ ಬೇಡವೆಂದರೆ ಹಗ್ಗ ಬಿಚ್ಚುವುದಿಲ್ಲ ಎಂದಿದ್ದನಂತೆ.

"ಎರಡು ತಿಂಗಳಿಂದ ಇವರು ಮನೇಲೇ ಕೂತಿದ್ದಾರೆ, ಅಜ್ಜ. ಅವರ ಮುಖ ನೋಡೋಕಾಗಲ್ಲ. ಒಳ್ಳೇದು ಹೇಳಿ."

ಕೆಳಗೆ ಮೂರು ಪೂರ್ತಿ ಗೆರೆ, ಮೇಲೆ ಎರಡು ತುಂಡು ಗೆರೆ ತಿರುಗದೆ ಬಂದವು. ಆರನೆಯ ಸಲ ಮೂರೂ ನಾಣ್ಯ ಅಕ್ಷರದ ಮಗ್ಗುಲು ಮೇಲಾಗಿ ಬಿದ್ದವು. ಅಜ್ಜ ತುಂಡು ಗೆರೆ ಎಳೆದು ತಿರುಗುವ ಗೆರೆಯೆಂದು ಪಕ್ಕದಲ್ಲಿ ಕತ್ತರಿ ಗುರುತು ಹಾಕಿದರು. ಅವಳ ಮುಖ ನೋಡಿದರು. ಆಮೇಲೆ ಹೊಸ ಆಕೃತಿ ಬರೆದು, ಅದನ್ನಷ್ಟೇ ಓದಿದರು.

"ದೊಡ್ಡ ನೀರು ದಾಟಬಹುದು. ಹೋಗಲಿ ಮಗಳೇ."

ಅವಳು ನಗುತ್ತಾ ಓಡಿದಳು. ಕೇಳಲು ಬಂದವರು ಬೀದಿಯ ತಿರುವು ದಾಟಿದೊಡನೆ ಅಜ್ಜ ಸ್ಲೇಟು ಒರೆಸುವುದು ರೂಢಿ. ಇವತ್ತು ಒರೆಸಲಿಲ್ಲ. ಮಧ್ಯಾಹ್ನ ನಾನಿಟ್ಟ ಸೂಪಿನ ಮೇಲೆ ಕೆನೆ ಕಟ್ಟಿತು. ಆ ಆರನೆಯ ಗೆರೆ ಏನು ಹೇಳುತ್ತದೆಂದು ಕೇಳಿದೆ. ಕೋಟೆಗೋಡೆ ಕುಸಿದು ಕಂದಕಕ್ಕೆ ಬೀಳುವ ಹೊತ್ತು, ಹೊರಡಬಾರದು ಎಂದರು.

"ಮತ್ತೆ ಅವಳಿಗ್ಯಾಕೆ ಹೇಳಲಿಲ್ಲ?"

"ಆವತ್ತು ನಮ್ಮವಳ ಮುಖವೂ ಹಾಗೇ ಇತ್ತು ತಂಗಿ."

"ನಿಮ್ಮ ಮೂರು ಕಾಸಿನ ಮಾತು ಕೇಳಿ ಅಲೆ ಏಳುತ್ತಾ? ಮಿಂಗ್‌ಫಾ ಮೀನಿಗಿಂತ ಚೆನ್ನಾಗಿ ಈಜ್ತಾನೆ."

"ಅಲೆ ಏನು ಮಾಡುತ್ತೋ ನಂಗೊತ್ತಿಲ್ಲ. ನಾನು ಮಾಡಿದ್ದು ಗೊತ್ತು."

ದೋಣಿ ಕಟ್ಟುವ ಧಕ್ಕೆಯ ಕಡೆಯಿಂದ ಎಂಜಿನ್ನುಗಳು ಒಂದೊಂದಾಗಿ ಶುರುವಾಗುವುದು ಕೇಳಿಸಿತು. ಅಜ್ಜ ಮೇಜು ಹಿಡಿದು ಎದ್ದರು.

"ಎರಡು ಗುಟುಕು ಕುಡಿದಾದರೂ ಹೋಗಿ. ಬೆಳಿಗ್ಗೆ ಒಂದು, ಈಗ ಒಂದು ಹೇಳಿದರೆ ನಾಳೆಯಿಂದ ನಿಮ್ಮ ಹತ್ರ ಯಾರು ಬರ್ತಾರೆ? ಆ ಹುಡುಗಿಗಾದರೂ ಏನಂತ..."

ಅವರು ಆಗಲೇ ಧಕ್ಕೆಗೆ ಹೋಗುವ ತಿರುವಿನಲ್ಲಿದ್ದರು. ಸ್ಲೇಟನ್ನು ಎದೆಗೆ ಅವಚಿಕೊಂಡಿದ್ದರು, ಸೀಮೆಸುಣ್ಣ ಅಳಿಸದಂತೆ ಬರೆದ ಮಗ್ಗುಲು ಹೊರಗೆ ಮಾಡಿ.