ಸಾವಿರದ ಇಪ್ಪತ್ತನಾಲ್ಕು ಡಿಗ್ರಿ ಹಾಲು

ಲೋಕದ ದೊಡ್ಡ ಜಗಳಗಳೆಲ್ಲ ಯಾರು ಮುಂದೆ, ಯಾರು ಹಿಂದೆ ಎಂಬುದರ ಮೇಲೆಯೇ ನಡೆದಿವೆ. ಈ ಘನ ತತ್ವ ನನಗೆ ಹೊಳೆದದ್ದು ಹೊಳವನಹಳ್ಳಿ ಕಡೆಯ ನಮ್ಮ ಹಾಲಿನ ಕೇಂದ್ರದಲ್ಲಿ, ಕ್ಯಾನು ತೊಳೆಯುವಾಗ.

ಅಲ್ಲಿಯ ವಯಸ್ಸಾದ ಮೆಕ್ಯಾನಿಕ್ಕನ್ನು ಎಲ್ಲರೂ ಯಜಮಾನರು ಎನ್ನುವರು. ಅವರ ಕನ್ನಡಕಕ್ಕೆ ಒಂದೇ ಕಡ್ಡಿ. ಇನ್ನೊಂದು ಕಿವಿಗೆ ತಾಮ್ರದ ತಂತಿ. ಹುಲಿಕುಂಟೆಯವರು. ಯಾವ ಯಂತ್ರ ಕೆಟ್ಟರೂ ಮೊದಲು ಕೈಯ ಹಿಂಭಾಗ ತಾಗಿಸುವರು, ಮಗುವಿನ ಜ್ವರ ನೋಡುವ ಹಾಗೆ. "ಮುಟ್ಟಿ ನೋಡ್ದಲೆ ಮಾತಾಡಬ್ಯಾಡ ಕಣಮ್ಮ" ಎನ್ನುವರು.

ಒಂದು ಬೆಳಿಗ್ಗೆ ಹೆಡ್ಡಾಫೀಸಿನ ಹೊಸ ಕಂಪ್ಯೂಟರು, ನಮ್ಮ ಟ್ಯಾಂಕಿನ ಹಾಲು ಸಾವಿರದ ಇಪ್ಪತ್ತನಾಲ್ಕು ಡಿಗ್ರಿ ಕಾದಿದೆಯೆಂದು ಸಾರಿತು. ಆ ಶಾಖಕ್ಕೆ ಹಾಲಿರಲಿ, ಕ್ಯಾನುಗಳೂ ಕರಗಿ ಹರಿಯಬೇಕು. ಆದರೂ ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಟ್ಯಾಂಕು ನೋಡಿಕೊಳ್ಳುವ ನಾನೇ ಅದರ ಶಾಖ ಅಳೆಯುವ ಮೀಟರು ಕೆಡಿಸಿದೆನೆಂದು ವರದಿ ಬರೆದೇ ತಂದಿದ್ದರು. ಅದಕ್ಕೆ ಯಜಮಾನರ ಸಹಿ ಬಿದ್ದರೆ ನನ್ನ ಕೆಲಸ ಹೋದಂತೆ.

ಯಜಮಾನರು ಹಾಲಿನ ಪೈಪು ಮುಟ್ಟಿದರು. "ಬನ್ನಿ ಸಾಮಿ, ನೀವೂ ಕೈ ಇಡಿ. ಬೆಂದೋದ್ರೆ ಮುಲಾಮು ನಾನ್ ಹಚ್ತೀನಿ."

ಸಾಹೇಬರು ಕೈ ಇಡಲಿಲ್ಲ.

ಯಜಮಾನರು ಎರಡು ಚೀಟಿ ಹರಿದು, ಒಂದರಲ್ಲಿ 00, ಇನ್ನೊಂದರಲ್ಲಿ 04 ಬರೆದು ಜೋಡಿಸಿಟ್ಟರು. "ಮೀಟ್ರು ಅಂಕೀನ ಎಲ್ಡು ತುಂಡು ಮಾಡಿ ಕಳಿಸ್ತದೆ, ದೊಡ್ಡ ಸ್ಥಾನದ ತುಂಡು ಮುಂದೆ. ನಿಮ್ ಕಂಪ್ಯೂಟ್ರು ಸಣ್ಣದೇ ಮುಂದೆ ಬಂತು ಅಂದ್ಕಂಡು ಓದ್ತದೆ." ಚೀಟಿ ಅದಲುಬದಲು ಮಾಡಿದರು. "ನಾಕು ಹೋಗಿ ನಾನೂರಾಯ್ತು. ಚೀಟೀಲಿ ನೂರು ಪಟ್ಟು. ಕಂಪ್ಯೂಟ್ರು ತುಂಡಿಗೆ ಇನ್ನೂರೈವತ್ತಾರರಂತೆ ಎಣಿಸ್ತದೆ, ಅಲ್ಲಿ ಇನ್ನೂರೈವತ್ತಾರು ಪಟ್ಟು. ನಾಕ್ರಿಂದ ಗುಣಿಸ್ಕಳಿ."

ನಾನು ಕ್ಯಾನಿನ ಮುಚ್ಚಳದ ಮೇಲೆ ಒದ್ದೆ ಬೆರಳಲ್ಲಿ ಗುಣಿಸಿದೆ. ಸರಿಯಾಗಿ ಸಾವಿರದ ಇಪ್ಪತ್ತನಾಲ್ಕು.

"ಈಗ ಲೋಕವೆಲ್ಲ ಸಣ್ಣದನ್ನೇ ಮುಂದಿಡೋದು ಕಣ್ರೀ. ನಿಮ್ಮ ಮೀಟರೇ ತಪ್ಪು" ಎಂದರು ಸಾಹೇಬರು.

"ಯಾವ್ದು ಮುಂದಿದ್ರೂ ತಪ್ಪಿಲ್ಲ ಸಾಮಿ. ಎಲ್ಡೂ ಕಡೆಯೋರು ಮಾತಾಡ್ಕಂಡಿಲ್ಲ, ಅದು ತಪ್ಪು. ಅದ್ಕೆ ಈ ಹೆಣ್ಮಗಳ ಕೆಲಸ ಯಾಕೆ ಕೀಳ್ತೀರಾ?"

"ಸಹಿ ಹಾಕ್ತೀರೋ, ಪಾವಗಡಕ್ಕೆ ವರ್ಗವಾಗಿ ಹೋಗ್ತೀರೋ?"

"ಕಳಿಸ್ಬುಡಿ. ಪಾವಗಡದಾಗೂ ಹಾಲು ಬೆಳ್ಳಗೇ ಇರ್ತದೆ."

ವರದಿಯಲ್ಲಿ ಸಹಿಯ ಜಾಗಕ್ಕೆ ದಪ್ಪ ಅಕ್ಷರದಲ್ಲಿ ಬರೆದರು: "ಮುಟ್ಟಿ ನೋಡಿದೆ. ತಣ್ಣಗಿದೆ." ಸಹಿಯಿಲ್ಲದ ಆ ಕಾಗದ ಮುಂದಕ್ಕೆ ಹೋಗಲಿಲ್ಲ. ಯಜಮಾನರು ಹೋದರು, ಪಾವಗಡಕ್ಕೆ. ಅದಾಗಿ ಎರಡು ದಿನಕ್ಕೆ ಹೆಡ್ಡಾಫೀಸಿನವರು, ಯಾರಿಗೂ ಹೇಳದೆ, ಕಂಪ್ಯೂಟರು ಓದುವ ಕ್ರಮ ತಿರುಗಿಸಿಟ್ಟರು.

ಯಜಮಾನರು ಪಾವಗಡದಲ್ಲೇ ನಿವೃತ್ತರಾಗಿ, ಕಳೆದ ವರ್ಷ ತೀರಿಕೊಂಡರು. ನಾನು ಈಗಲೂ ಅದೇ ಟ್ಯಾಂಕು ನೋಡಿಕೊಳ್ಳುತ್ತಿದ್ದೇನೆ. ಪರದೆ ನೋಡುವ ಮೊದಲು ಪೈಪು ಮುಟ್ಟುತ್ತೇನೆ.

ಈ ಬೆಳಿಗ್ಗೆ ಹಾಲು ನಾಲ್ಕು ಡಿಗ್ರಿ.