ಹಣೆಗೇರಿದ ಮೀಸೆ

ಅನ್ನದ ಗಂಜಿಯ ವಾಸನೆಗೆ ನಿಮಗೆ ಹಸಿವಾಗಬಹುದು. ನನಗೆ ಅಪ್ಪನ ಮೀಸೆ ನೆನಪಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಇವತ್ತು ಗಂಜಿ ಕಾಸಿದವನು ನಾನೇ, ಅದೂ ಬಣ್ಣಕ್ಕೆ ಬೆರೆಸಲು.

ಎರಡು ಸಾವಿರದ ಐದರ ಮಾತು. ಗೋವೆಯ ಸಡಾದಲ್ಲಿ, ಹಡಗಿನ ಕೂಗು ಕೇಳುವ ಒಂದೂವರೆ ಕೋಣೆಯಲ್ಲಿದ್ದೆವು. ಅಪ್ಪನದು ಸೆಂಟ್ರಿಂಗ್ ಕೆಲಸ. ಕಾಂಕ್ರೀಟು ಸುರಿಯುವ ಕಂಬಗಳಿಗೆ ಹಲಗೆ ಕಟ್ಟುವುದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹತ್ತಿ ಕಲಿತದ್ದು ಚಿತ್ರ ಬರೆಯುವುದನ್ನು. ಬಿಜಾಪುರದ ಬೀಗರು ಕೇಳಿದರೆ ಅಪ್ಪ, "ಮಗ ಓದಾಕತ್ತಾನ್ರಿ" ಎಂದಷ್ಟೇ ಹೇಳಿ ಜೋಳದ ಬೆಳೆಯ ವಿಚಾರ ತೆಗೆಯುತ್ತಿದ್ದ.

ಕೊನೆಯ ಪರೀಕ್ಷೆಗೆ ಜಪಾನಿ ರೀತಿಯ ಮರದಚ್ಚು ಬಂತು. ಹಲಗೆಯಲ್ಲಿ ಕೆತ್ತಿ ತೆಗೆದದ್ದು ಬಿಳಿ, ಬಿಟ್ಟದ್ದು ಬಣ್ಣ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಗಂಜಿ ಬೆರೆಸಿದ ಬಣ್ಣ ಸವರಿ, ಮೇಲೆ ಒದ್ದೆ ಕಾಗದ ಹಾಸಿ ಅದರ ಬೆನ್ನು ತಿಕ್ಕಬೇಕು. ಕಾಗದ ಪ್ರತಿಸಲ ಅದೇ ಜಾಗಕ್ಕೆ ಕೂರಲೆಂದು ಎಲ್ಲ ಹಲಗೆಗೂ ಒಂದೇ ಮೂಲೆಯಲ್ಲಿ ಕಚ್ಚು ಕೆತ್ತಬೇಕು.

ನಾನು ಆರಿಸಿದ್ದು ಅಪ್ಪನ ಮುಖ. ಮುಖಕ್ಕೆ ಕಾವಿ, ಮೀಸೆಗೆ ಕಪ್ಪು. ಮೀಸೆ ಸುಲಭವೆಂದು ಮೊದಲು ಹತ್ತೂ ಕಾಗದಕ್ಕೆ ಅದನ್ನೇ ಒತ್ತಿದೆ. ಮನೆಯ ನೆಲದ ತುಂಬ ಮಾಲೀಕರಿಲ್ಲದ ಮೀಸೆಗಳು. ಗಂಡನ ಮೀಸೆ ದಾಟಬಾರದೆಂದು ಅವ್ವ ಗೋಡೆಗೆ ಬೆನ್ನು ಹಚ್ಚಿ ಓಡಾಡಿದಳು. ಆಮೇಲೆ ಮುಖ. ಮೊದಲ ಕಾಗದ ಎತ್ತಿ ನೋಡುತ್ತೇನೆ, ಮೀಸೆ ಹಣೆಯ ಮೇಲಿದೆ, ತಲೆಕೆಳಗಾಗಿ. ಓದಿದವನ ಜಂಬದಲ್ಲಿ ಮುಖದ ಹಲಗೆಯ ಕಚ್ಚನ್ನು ಎದುರು ಮೂಲೆಗೆ ಕೆತ್ತಿದ್ದೆ, ಕಾಗದ ತಿರುಗುಮುರುಗಾಗಿ ಕೂತಿತ್ತು.

ಕಾಲೇಜು ಮುದ್ರೆ ಒತ್ತಿ ಕೊಟ್ಟ ಕಾಗದ ಹತ್ತೇ. ಹತ್ತೂ ಒಂದೇ ಸಮ ಬರದಿದ್ದರೆ ನಪಾಸು ಎಂದಿದ್ದರು ಸರ್. ಉಳಿದವನ್ನು ತಿರುಗಿಸಿ ಒತ್ತಿದರೆ ಒಂಬತ್ತು ಸರಿ, ಒಂದು ತಪ್ಪು. ಅಲ್ಲಿಗೆ ಪದವಿ ಹೋಯಿತು.

ಅಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ತನ್ನ ಮೀಸೆ ಇದ್ದಲ್ಲೇ ಇದೆಯೇ ಎಂದು ಒಮ್ಮೆ ಮುಟ್ಟಿಕೊಂಡ.

"ಒಂದ ಕಂಬ ವಾಲಿದ್ರ ತಪ್ಪಂತಾರಲೇ. ಹತ್ತೂ ಕಂಬ ಒಂದ ನಮೂನಿ ವಾಲಿದ್ರ ಡಿಸೈನ್ ಅಂತಾರ. ಒತ್ತು."

"ಅಪ್ಪಾ, ನಿನ್ನ ಮಾರಿ ಐತಿ ಅದು."

"ಮಾರಿ ನಂದು. ಪರೀಕ್ಷಾ ನಿಂದು."

ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ. ಸರ್ ಪಟ್ಟಿ ಹಿಡಿದು ಹತ್ತೂ ಮೀಸೆ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದು ಹಣೆಯ ಮೇಲೇಕೆ ಎಂದು ಕೇಳಿದಾಗ ಓದಿದ ನಾನು ಅಪ್ಪನ ಮುಖ ನೋಡಿದೆ. ಅಪ್ಪನೇ ಹರಕು ಹಿಂದಿಯಲ್ಲಿ ತಿಳಿಸಿದ: ಬಿಸಿಲಿನಲ್ಲಿ ದುಡಿಯುವಾಗ ಬೆವರು ಕಣ್ಣಿಗಿಳಿಯುತ್ತದೆ, ಮೂಗಿನ ಕೆಳಗಿದ್ದು ಮೀಸೆ ಮಾಡುವುದೇನು, ಮೇಲಿದ್ದರೆ ತಡೆದೀತು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಪಾಸಾದೆ.

ಅಂದಿನಿಂದ ಆ ಮುಖ ನಮ್ಮ ಗೋಡೆಯಲ್ಲಿದೆ, ನನ್ನ ಪದವಿ ಪತ್ರದ ಪಕ್ಕ. ಇಷ್ಟು ವರ್ಷ ಅದು ನನ್ನನ್ನು ಚುಚ್ಚುತ್ತಿತ್ತು. ಅದಕ್ಕೇ ಇವತ್ತು ಹಳೆಯ ಹಲಗೆಗಳನ್ನು ಹುಡುಕಿ, ಹೊಸ ಕಚ್ಚು ಕೆತ್ತಿ, ಮೀಸೆಯನ್ನು ಮೂಗಿನ ಕೆಳಗೆ ಕೂರಿಸಿ ಒತ್ತಿದೆ; ಗೋಡೆಯ ಹಳೆಯದನ್ನು ಇಳಿಸಿ ಹೊಸದನ್ನು ಅಪ್ಪನ ಕೈಗಿಟ್ಟೆ. ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಭಾಳ ಚಲೋ ಬಂದೈತಿ," ಎಂದು ತನ್ನ ಹಣೆ ಮುಟ್ಟಿಕೊಂಡ. "ಯಾರಿಂವ?"

ಮೊಳೆಗೆ ಹಳೆಯದನ್ನೇ ಮತ್ತೆ ತೂಗುಹಾಕಿದೆ. ಉಳಿದ ಗಂಜಿಗೆ ಉಪ್ಪು ಹಾಕಿ ಇಬ್ಬರೂ ಕುಡಿದೆವು.