ಅಮ್ಮನ ಕೋಣೆಯ ಹೊಗೆ

ಚಿಕನ್ ಪಾಕ್ಸ್ ಮೊದಲು ಎದ್ದದ್ದು ಅಕ್ಕನ ಪುಟ್ಟ ಮಗಳಿಗೆ. ಭೀಮನಬೀಡಿನ ಆ ಮನೆಯಲ್ಲಿ ಅದನ್ನು ಕಾಯಿಲೆ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ಕೊನೆಗೆ ಅಮ್ಮನನ್ನು ಕಳಿಸಲು ದಿನ ಬಿಟ್ಟು ದಿನ ಮೂರು ನೀರು ಹುಯ್ದರು. ಮಗು ಆಡಿಕೊಂಡು ಓಡಾಡಿತು. ಅಕ್ಕನ ಅತ್ತೆಗೆ ಅಷ್ಟು ಸಾಕಾಯಿತು.

ಆಮೇಲೆ ಅಕ್ಕನ ಮೈ ತುಂಬ ಗುಳ್ಳೆ. ಅಮ್ಮ ಮೈಮೇಲಿರುವಷ್ಟು ದಿನ ಮಲಗಿದವಳು ದೇವಿ, ಅವಳಾಡಿದ್ದು ದೇವಿಯ ಮಾತು. ಸೊಸೆಯ ಮುಖ ಕಂಡರೆ ಸಿಡುಕುತ್ತಿದ್ದ ಮುದುಕಿ ಅವಳ ಕಾಲಿಗೆ ಬೀಳತೊಡಗಿದಳು.

ಫೋನಿನಲ್ಲಿ ಏದುಸಿರು ಕೇಳಿ ನಾನು ಗುಂಡ್ಲುಪೇಟೆಯಿಂದ ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಲಗಲು ಆಗುತ್ತಿರಲಿಲ್ಲ.

"ಉಸ್ರು ಸಾಲ್ತಿಲ್ಲ ಕಣಮ್ಮಿ," ಎಂದಳು.

ಅವಳು ಹೇಳಿದ್ದು ನನಗೆ. ಕೈಮುಗಿದದ್ದು ಅತ್ತೆ. "ಮುನಿಸ್ಕಬ್ಯಾಡ ತಾಯೆ, ದೂಪ ಆಕ್ತೀನಿ," ಎಂದು ಕೆಂಡದ ಮೇಲೆ ಸಾಂಬ್ರಾಣಿ ಸುರಿದಳು. ಕಿಟಕಿ ಮುಚ್ಚಿದ ಕೋಣೆ. ಅಕ್ಕ ಕೆಮ್ಮುತ್ತಾ "ಬ್ಯಾಡ, ಬ್ಯಾಡ" ಎಂದಷ್ಟೂ ಅಮ್ಮನ ಸಿಟ್ಟು ಇಳಿದಿಲ್ಲವೆಂದು ಇನ್ನೊಂದು ಹಿಡಿ ಬಿತ್ತು. ಆ ಕೈ ಮುರಿಯಬೇಕೆನಿಸಿತು ನನಗೆ.

ಕೊರೊನಾ ಕಾಲದ, ಬೆರಳಿಗೆ ಸಿಕ್ಕಿಸುವ ಮಿಷನ್ ತಂದಿದ್ದೆ. ಆಕ್ಸಿಜನ್ ಎಪ್ಪತ್ತೆಂಟು ತೋರಿಸಿತು.

"ತೊಂಬತ್ತರ ಮೇಲಿರ್ಬೇಕು ಭಾವ. ಆಸ್ಪತ್ರೆಗೆ ಹೊರ್ಡಿ," ಎಂದೆ ಬಾಗಿಲಲ್ಲಿದ್ದ ಅಕ್ಕನ ಗಂಡನಿಗೆ.

"ಮೂರ್ನೇ ನೀರು ಉಯ್ಯೋಗಂಟ ಅಮ್ಮ ವಸ್ಲು ದಾಟಂಗಿಲ್ಲ," ಎಂದಳು ಅತ್ತೆ. ಭಾವ ಅಂಗಳಕ್ಕೆ ಹೋದ. ನಾನೇ ಕಾರು ತರಿಸಿ ಅಕ್ಕನನ್ನು ಹೊತ್ತು ಕೂರಿಸಿದೆ.

ಚಾಮರಾಜನಗರದಲ್ಲಿ ಡಾಕ್ಟರು ಎಕ್ಸ್‌ರೇ ತೋರಿಸಿದರು. ಚರ್ಮದ ಮೇಲೆ ಗುಳ್ಳೆ ಎಬ್ಬಿಸಿದ ವೈರಸ್ಸೇ ಶ್ವಾಸಕೋಶಕ್ಕೂ ಇಳಿದಿತ್ತು. ರಕ್ತಕ್ಕೆ ಬೇಕಾದಷ್ಟು ಆಕ್ಸಿಜನ್ ಹೋಗುತ್ತಿರಲಿಲ್ಲ. ಅದಿಲ್ಲದೆ ಜೀವಕೋಶಗಳು ಸಕ್ಕರೆಯನ್ನು ಪೂರ್ತಿ ಉರಿಸಲಾರವಂತೆ. ಗಾಳಿಯಿಲ್ಲದ ಒಲೆಯ ಸೌದೆಯ ಹಾಗೆ ಅದು ಅರೆ ಉರಿದು, ಸಾಕಷ್ಟು ಶಕ್ತಿ ಹುಟ್ಟದೆ, ರಕ್ತದಲ್ಲಿ ಆಮ್ಲ ಏರುತ್ತದಂತೆ. "ಸ್ವಲ್ಪ ಮುಂಚೆ ತರ್ಬೇಕಿತ್ತು," ಎಂದರು.

ಅಕ್ಕ ಉಳಿಯಲಿಲ್ಲ.

ಹೆಣ ಇಳಿಸಿದಾಗ ಊರೆಲ್ಲ ಸೇರಿತ್ತು. ಅತ್ತೆ ನನ್ನ ಕಡೆ ಕೈ ತೋರಿಸಿದಳು.

"ಮನ್ಗಿದ್ದ ಅಮ್ಮನ್ನ ಎಬ್ಬುಸ್ಕಂಡೋಗಿ ಸೂಜಿ ಚುಚ್ಚುಸ್ಬುಟ್ಲು. ತಾಯಿ ಸುಮ್ನೆ ಬುಟ್ಟಾಳಾ?"

ಸೇರಿದವರು ಹೌದೆಂದು ತಲೆಯಾಡಿಸಿದರು, ಭಾವ ಕೂಡ. ಎತ್ತಿಕೊಳ್ಳೋಣವೆಂದು ಅಕ್ಕನ ಮಗಳತ್ತ ಕೈ ಚಾಚಿದೆ. ಮಗು ಅಜ್ಜಿಯ ಸೆರಗು ಹಿಡಿದು, "ನೀನು ನಮ್ಮವ್ವುನ್ನ ಸಾಯ್ಸ್‌ಬುಟ್ಟೆ," ಎಂದಿತು.